ಬಸಿರೊಳಗಿನ ‘ಪರಕೀಯ’: ಪೀಟರ್ ಮೆಡಾವರ್ ಬದುಕು ಮತ್ತು ಅವರು ಬಿಟ್ಟುಹೋದ ಪ್ರಶ್ನೆ

ಒಬ್ಬ ಹೆಣ್ಣುಮಗಳಿಗೆ ಕಿಡ್ನಿ ಕೈಕೊಟ್ಟಿದೆ ಅಂತಿಟ್ಟುಕೊಳ್ಳಿ. ಮಗ ತನ್ನದೊಂದು ಕಿಡ್ನಿ ಕೊಡೋಕೆ ಮುಂದೆ ಬರುತ್ತಾನೆ, ವೈದ್ಯರು ಕಸಿ ಮಾಡುತ್ತಾರೆ. ಅಂದಿನಿಂದ ಆಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಲೇ ಇರಬೇಕು. ನಿಲ್ಲಿಸಿದರೆ ಆಕೆಯ ದೇಹ ಆ ಕಿಡ್ನಿಯನ್ನು ಹೊರಗಿನದೆಂದು ಗುರುತಿಸಿ ಹಾಳುಮಾಡುತ್ತದೆ. ಆದರೆ ಇದೇ ಮಗನನ್ನು, ಎರಡೂ ಕಿಡ್ನಿ, ಹೃದಯ, ಚರ್ಮ ಎಲ್ಲದರ ಸಮೇತ, ಆಕೆ ಒಂಬತ್ತು ತಿಂಗಳು ಒಡಲಲ್ಲಿ ಹೊತ್ತಿದ್ದಳು. ಆಗ ಯಾವ ಮಾತ್ರೆಯೂ ಬೇಕಿರಲಿಲ್ಲ.

ಯಾಕೆ?

ಈ ಪ್ರಶ್ನೆಯನ್ನು ಪರೀಕ್ಷೆ ಮಾಡಿ ನೋಡಬಹುದಾದ ರೂಪದಲ್ಲಿ, ಬಿಡಿಬಿಡಿಯಾಗಿ ಮುಂದಿಟ್ಟವರು ಪೀಟರ್ ಮೆಡಾವರ್. ಅದು 1953. ಅವರಿಗೆ 38 ವರ್ಷ, ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್. ಏಳು ವರ್ಷದ ಬಳಿಕ ಅವರಿಗೆ ನೊಬೆಲ್ ಬಂತು. ಅಂಗಾಂಗ ಕಸಿಯ ಪಿತಾಮಹ ಅಂತ ಅವರನ್ನು ಕರೆಯೋದು ವಾಡಿಕೆ. ಬಸಿರಿನ ಬಗ್ಗೆ ಅವರು ಕೇಳಿದ ಪ್ರಶ್ನೆ ಮಾತ್ರ ವಿಜ್ಞಾನಿಗಳ ವಲಯದ ಆಚೆಗೆ ಅಷ್ಟಾಗಿ ಬರಲಿಲ್ಲ.

ಈಗ ಇದನ್ನು ಬರೆಯೋಕೆ ಎರಡು ಕಾರಣ ಇವೆ. ಒಂದು, ನಮ್ಮ ರಾಜಕೀಯ ಭಾಷಣಗಳಲ್ಲಿ ದೇಶವನ್ನು ದೇಹಕ್ಕೆ ಹೋಲಿಸಿ, ಬೇಡದ ಜನರನ್ನು ಒಳನುಗ್ಗಿದ ರೋಗಾಣು ಅನ್ನುವ ಚಾಳಿ ಬೆಳೆದಿದೆ. ದೇಹ ನಿಜಕ್ಕೂ ಹಾಗೆ ಕೆಲಸ ಮಾಡುತ್ತಾ ಅಂತ ಕೇಳುವವರು ಕಡಿಮೆ. ಎರಡು, ಇದೇ ಯುದ್ಧದ ಭಾಷೆಯನ್ನು ಬಳಸಿ ಗರ್ಭಪಾತದ ನೋವಲ್ಲಿರುವ ಹೆಣ್ಣುಮಕ್ಕಳಿಗೆ ದುಬಾರಿ ಚಿಕಿತ್ಸೆ ಮಾರುವ ಮಾರುಕಟ್ಟೆ ಇದೆ. ಎರಡಕ್ಕೂ ಮೆಡಾವರ್ ಬದುಕಿನಲ್ಲಿ ಉತ್ತರದ ಎಳೆಗಳಿವೆ.

ಯಾವ ದೇಶದವರು?

ಮೆಡಾವರ್ ಹುಟ್ಟಿದ್ದು 1915ರ ಫೆಬ್ರವರಿ 28ರಂದು, ಬ್ರೆಜಿಲ್‌ನ ಪೆಟ್ರೊಪೊಲಿಸ್‌ನಲ್ಲಿ. ತಂದೆ ನಿಕೋಲಸ್ ಲೆಬನಾನ್ ಮೂಲದ ಕ್ರೈಸ್ತ, ಬ್ರಿಟಿಷ್ ಪೌರತ್ವ ಪಡೆದವರು. ದಂತವೈದ್ಯರ ಸಾಮಗ್ರಿ ಮಾರುವ ಬ್ರಿಟಿಷ್ ಕಂಪನಿಯ ಏಜೆಂಟರಾಗಿ ಬ್ರೆಜಿಲ್‌ಗೆ ಹೋಗಿದ್ದರು. ತಾಯಿ ಇಂಗ್ಲಿಷ್ ಮಹಿಳೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಕುಟುಂಬ ಇಂಗ್ಲೆಂಡಿಗೆ ಬಂತು. ಹುಡುಗನನ್ನು ಮಾರ್ಲ್‌ಬರೊ ಎಂಬ ಸಿರಿವಂತರ ವಸತಿ ಶಾಲೆಗೆ ಹಾಕಿದರು. ಅಲ್ಲಿ ಅವರ ಅರಬ್ ಹೆಸರು, ಮೂಲ ಎರಡೂ ಹುಡುಗರ ಗೇಲಿಗೆ ಸರಕಾದವು. ಆ ಶಾಲೆಯ ಬಗ್ಗೆ ಅವರಿಗೆ ಕೊನೆತನಕ ಕಹಿ ಉಳಿಯಿತು.

ಹುಟ್ಟಿನಿಂದ ಬ್ರೆಜಿಲ್ ಪೌರತ್ವವೂ ಇತ್ತು. ವಯಸ್ಸಿಗೆ ಬಂದಾಗ ಆ ದೇಶದ ಕಡ್ಡಾಯ ಸೈನಿಕ ಸೇವೆ ಎದುರಾಯಿತು, ವಿನಾಯಿತಿ ಸಿಗಲಿಲ್ಲ. ಓದು ಬಿಟ್ಟು ಹೋಗಲಾರದೆ ಹುಟ್ಟಿದ ನೆಲದ ಪೌರತ್ವವನ್ನೇ ಬಿಟ್ಟರು. ಅಪ್ಪನ ಊರು ಒಂದು ಖಂಡದಲ್ಲಿ, ಹುಟ್ಟೂರು ಇನ್ನೊಂದರಲ್ಲಿ, ಬದುಕು ಮತ್ತೊಂದರಲ್ಲಿ. ನಮ್ಮ ಕಾಲದಲ್ಲಾಗಿದ್ದರೆ ದಾಖಲೆ ತೋರಿಸು ಅಂತ ಅವರನ್ನು ಎಷ್ಟು ಸಾಲುಗಳಲ್ಲಿ ನಿಲ್ಲಿಸುತ್ತಿದ್ದೆವೋ!

1932ರಲ್ಲಿ ಆಕ್ಸ್‌ಫರ್ಡ್‌ನ ಮೊಡ್ಲಿನ್ ಕಾಲೇಜು ಸೇರಿ ಪ್ರಾಣಿಶಾಸ್ತ್ರ ಓದಿದರು. ಆಮೇಲೆ ಪೆನಿಸಿಲಿನ್ ಅನ್ನು ಔಷಧವಾಗಿಸಿದ ಹೊವಾರ್ಡ್ ಫ್ಲೋರಿ ಅವರ ಪ್ರಯೋಗಾಲಯದಲ್ಲಿ ಕೆಲಸ. ಜೊತೆಯಲ್ಲಿ ಓದುತ್ತಿದ್ದ ಜೀನ್ ಟೇಲರ್ ಅವರನ್ನು 1937ರಲ್ಲಿ ಮದುವೆಯಾದರು. ಹಣವೂ ಇಲ್ಲದ, ಹೇಳಿಕೊಳ್ಳುವ ಮನೆತನವೂ ಇಲ್ಲದ ಈ ಹುಡುಗ ಜೀನ್ ಮನೆಯವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಜೀನ್ ಹೆಸರು ನೆನಪಿರಲಿ, ಅವರು ಈ ಕಥೆಯಲ್ಲಿ ಮತ್ತೆ ಬರುತ್ತಾರೆ.

ಸುಟ್ಟ ಚರ್ಮ ಕಲಿಸಿದ್ದು

1940ರ ಬೇಸಿಗೆ. ಬ್ರಿಟನ್ ಮೇಲೆ ಜರ್ಮನ್ ವಿಮಾನಗಳ ದಾಳಿ ನಡೀತಿದ್ದ ಕಾಲ. ಆಕ್ಸ್‌ಫರ್ಡ್‌ನಲ್ಲಿ ಮೆಡಾವರ್ ದಂಪತಿಯ ಮನೆಯ ಹತ್ತಿರವೇ ಬ್ರಿಟಿಷ್ ಬಾಂಬರ್ ವಿಮಾನವೊಂದು ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ ಯುವ ಸೈನಿಕನ ಮೈಯ ಹೆಚ್ಚಿನ ಚರ್ಮ ಸುಟ್ಟಿತ್ತು. ಏನಾದರೂ ದಾರಿ ಇದೆಯಾ ಅಂತ ವೈದ್ಯರು ಮೆಡಾವರ್ ಅವರನ್ನು ಕೇಳಿದರು. ಅಲ್ಲಿಯವರೆಗೆ ಕೋಶಗಳ ಬೆಳವಣಿಗೆಯ ಲೆಕ್ಕಾಚಾರದಲ್ಲಿ ಮುಳುಗಿದ್ದ ಅವರ ಮುಂದೆ ಈಗ ಒದ್ದಾಡುವ ಮನುಷ್ಯನೊಬ್ಬ ಮಲಗಿದ್ದ.

ಸುಟ್ಟವರಿಗೆ ಅವರದೇ ತೊಡೆಯ ಚರ್ಮ ಹಾಕಿದರೆ ಹಿಡಿಯುತ್ತದೆ. ಆದರೆ ಮೈಯೆಲ್ಲ ಸುಟ್ಟವರಲ್ಲಿ ತೆಗೆಯೋಕೆ ಚರ್ಮವೇ ಇರಲ್ಲ. ಬೇರೆಯವರದು ಹಾಕಿದರೆ ಕೆಲ ದಿನ ಚೆನ್ನಾಗಿರುತ್ತೆ, ಆಮೇಲೆ ಉದುರಿಹೋಗುತ್ತೆ. ಹೀಗೆ ಯಾಕಾಗುತ್ತೆ ಅಂತ ತಿಳಿಯೋಕೆ ಮೆಡಾವರ್ ಗ್ಲಾಸ್ಗೊ ರಾಯಲ್ ಇನ್‌ಫರ್ಮರಿಯ ಸುಟ್ಟಗಾಯಗಳ ವಿಭಾಗಕ್ಕೆ ಹೋದರು. ಅಲ್ಲಿ ಟಾಮ್ ಗಿಬ್ಸನ್ ಎಂಬ ಯುವ ಸರ್ಜನ್ ಜೊತೆ ಕೆಲಸ. ಅವರ ಮುಂದೆ ಬಂದ ರೋಗಿ ಮೈ ಸುಟ್ಟುಕೊಂಡಿದ್ದ ಯುವತಿ. ಆಕೆಯ ಗಾಯಕ್ಕೆ ಆಕೆಯದೇ ಚರ್ಮದ ಚೂರುಗಳನ್ನೂ, ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬನ ಚರ್ಮದ ಚೂರುಗಳನ್ನೂ ಹಾಕಿ, ದಿನದಿನವೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಹೋದರನ ಚರ್ಮ ಮೊದಲು ಹಿಡಿದು, ಬಳಿಕ ಕರಗಿತು. ಎರಡನೇ ಸಲ ಅದೇ ಸಹೋದರನ ಚರ್ಮ ಹಾಕಿದಾಗ ಇನ್ನೂ ಬೇಗ ಕರಗಿತು.

ಆ ‘ಇನ್ನೂ ಬೇಗ’ದಲ್ಲೇ ಎಲ್ಲ ಇತ್ತು. ದೇಹಕ್ಕೆ ನೆನಪಿದೆ ಎಂದಾಯಿತು. ಒಮ್ಮೆ ನೋಡಿದ್ದನ್ನು ಎರಡನೇ ಸಲ ಬೇಗ ಗುರುತಿಸುವುದು ರೋಗನಿರೋಧಕ ವ್ಯವಸ್ಥೆಯ ಗುಣ, ಲಸಿಕೆ ಕೆಲಸ ಮಾಡೋದೂ ಹೀಗೇ. ಅಂದರೆ ಕಸಿ ಮಾಡಿದ ಚರ್ಮ ಉದುರೋದು ಸರ್ಜನ್‌ನ ಕೈಚಳಕ ಸಾಲದೆ ಅಲ್ಲ. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು, ಆಮೇಲೆ ಮೊಲಗಳ ಮೇಲಿನ ಪ್ರಯೋಗಗಳಿಂದ ಮೆಡಾವರ್ ಇದನ್ನು ಗಟ್ಟಿಮಾಡಿದರು. ಹೊರಗಿನದನ್ನು ದೇಹ ತಳ್ಳುತ್ತದೆ ಅನ್ನೋದು ಈಗ ನಿಯಮವಾಯಿತು.

ಕೆಲವೇ ವರ್ಷಗಳಲ್ಲಿ ಆ ನಿಯಮವನ್ನು ಒಡೆದು ತೋರಿಸಿದವರೂ ಅವರೇ.

ಅವಳಿ ಕರುಗಳ ಹತ್ತಿರ

1947ರಲ್ಲಿ ಮೆಡಾವರ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು, ಜೊತೆಗೆ ಶಿಷ್ಯ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಕೂಡ ಬಂದರು. ಮರುವರ್ಷ ಸ್ಟಾಕ್‌ಹೋಮ್‌ನ ಸಮ್ಮೇಳನವೊಂದರಲ್ಲಿ ಹ್ಯೂ ಡೊನಾಲ್ಡ್ ಎಂಬ ಜಾನುವಾರು ತಳಿಶಾಸ್ತ್ರಜ್ಞ ಸಿಕ್ಕಿದರು. ಅವಳಿ ಕರುಗಳು ಒಂದೇ ಅಂಡದಿಂದ ಹುಟ್ಟಿದವೋ ಬೇರೆಬೇರೆ ಅಂಡಗಳಿಂದ ಹುಟ್ಟಿದವೋ ಅಂತ ಹೇಳೋದು ಹೇಗೆ ಅನ್ನೋದು ಅವರ ಸಮಸ್ಯೆ. ಸುಲಭ, ಒಂದರ ಚರ್ಮವನ್ನು ಇನ್ನೊಂದಕ್ಕೆ ಹಾಕಿ ನೋಡೋಣ, ಹಿಡಿದರೆ ಒಂದೇ ಅಂಡ, ಉದುರಿದರೆ ಬೇರೆ ಅಂತ ಮೆಡಾವರ್ ಲೆಕ್ಕ ಹಾಕಿದರು.

ಆದರೆ ಲೆಕ್ಕ ಕೈಕೊಟ್ಟಿತು. ಬೇರೆ ಅಂಡಗಳಿಂದ ಹುಟ್ಟಿದ್ದು ಖಚಿತವಾಗಿದ್ದ ಗಂಡುಕರು ಹೆಣ್ಣುಕರುಗಳ ನಡುವೆಯೂ ಚರ್ಮ ಹಿಡಿದುಬಿಟ್ಟಿತು. ಕಾರಣ ಅಮೆರಿಕದ ರೇ ಓವನ್ 1945ರಲ್ಲೇ ಪ್ರಕಟಿಸಿದ್ದ ಲೇಖನದಲ್ಲಿತ್ತು. ಹಸುವಿನ ಹೊಟ್ಟೆಯಲ್ಲಿ ಅವಳಿ ಕರುಗಳ ಮಾಸುಗಳು ಅಂಟಿಕೊಂಡು ರಕ್ತನಾಳಗಳು ಕೂಡಿಕೊಳ್ಳುತ್ತವೆ. ಒಂದರ ರಕ್ತ ಇನ್ನೊಂದರಲ್ಲಿ ಹರಿಯುತ್ತದೆ. ಹುಟ್ಟುವ ಮೊದಲೇ ಬೆರೆತಿದ್ದರಿಂದ ಹುಟ್ಟಿದ ಮೇಲೆ ಒಂದು ಇನ್ನೊಂದನ್ನು ಬೇರೆಯದು ಅಂತ ಎಣಿಸುವುದಿಲ್ಲ. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಹೆಚ್ಚಾಗಿ ಗೊಡ್ಡಾಗಲು ಕಾರಣವೂ ಈ ಬೆರೆತ ರಕ್ತವೇ.

ಹಾಗಾದರೆ ಇದನ್ನು ನಾವೇ ಮಾಡಿ ನೋಡಬಹುದಾ? 1951ರಲ್ಲಿ ಲಂಡನ್ನಿಗೆ ಬಂದ ಮೆಡಾವರ್ ತಂಡಕ್ಕೆ ಅಷ್ಟರಲ್ಲಿ ಲೆಸ್ಲಿ ಬ್ರೆಂಟ್ ಸೇರಿದ್ದರು. ಬ್ರೆಂಟ್ ಜರ್ಮನಿಯ ಯಹೂದಿ ಹುಡುಗ. 1938ರ ಡಿಸೆಂಬರ್‌ನಲ್ಲಿ, 13ನೇ ವಯಸ್ಸಲ್ಲಿ, ನಾಜಿಗಳಿಂದ ಮಕ್ಕಳನ್ನು ಪಾರುಮಾಡಿದ ಕಿಂಡರ್‌ಟ್ರಾನ್ಸ್‌ಪೋರ್ಟ್‌ನ ಮೊದಲ ಗುಂಪಿನಲ್ಲಿ ಒಬ್ಬನೇ ಇಂಗ್ಲೆಂಡಿಗೆ ಬಂದಿದ್ದ. ಅಪ್ಪ, ಅಮ್ಮ, ಅಕ್ಕ ಮೂವರನ್ನೂ ನಾಜಿಗಳು ಕೊಂದರು.

ಈ ಮೂವರು ಸೇರಿ ಕಂದು ಇಲಿಯ ಹೊಟ್ಟೆಯೊಳಗಿನ ಮರಿಗಳಿಗೆ ಬಿಳಿ ಇಲಿಯ ಕೋಶಗಳನ್ನು ಚುಚ್ಚಿದರು. ಆ ಮರಿಗಳು ಹುಟ್ಟಿ ದೊಡ್ಡವಾದ ಮೇಲೆ ಅದೇ ಬಿಳಿ ತಳಿಯ ಚರ್ಮ ಹಾಕಿದರೆ, ಕೆಲವುಗಳಲ್ಲಿ ಅದು ಹಿಡಿಯಿತು. ಕಂದು ಇಲಿಯ ಬೆನ್ನ ಮೇಲೆ ಬಿಳಿ ಕೂದಲಿನ ತುಂಡು. 1953ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನ ಆಧುನಿಕ ಕಸಿ ವಿಜ್ಞಾನಕ್ಕೆ ಧೈರ್ಯ ಕೊಟ್ಟಿತು. ತಳ್ಳುವುದು ದೇಹದ ಹಣೆಬರಹವಲ್ಲ, ಯಾವುದು ತನ್ನದು ಅನ್ನೋದನ್ನು ದೇಹ ಕಲಿಯುತ್ತದೆ ಅಂತ ತಿಳಿಯಿತು. ಇದಕ್ಕೆ ಅವರು ಕೊಟ್ಟ ಹೆಸರು ಸಹಿಷ್ಣುತೆ. ನಮ್ಮ ಟಿವಿ ಚರ್ಚೆಗಳಲ್ಲಿ ಈ ಪದ ಸವೆದುಹೋಗಿದೆ, ಹಲ್ಲುಕಚ್ಚಿ ತಡೆದುಕೊಳ್ಳೋದು ಅನ್ನುವ ಅರ್ಥವಷ್ಟೇ ಉಳಿದಿದೆ. ಮೆಡಾವರ್ ತೋರಿಸಿದ ಸಹಿಷ್ಣುತೆ ತಡೆದುಕೊಳ್ಳುವುದಲ್ಲ, ಎಳೆಯದರಲ್ಲಿ ಬೆರೆತು ಬೆಳೆದದ್ದರ ಫಲ.

ಲೆಬನಾನ್ ಮೂಲದವನ ಮಗ, ಬದುಕುಳಿದ ನಿರಾಶ್ರಿತ ಹುಡುಗ, ಒಬ್ಬ ಇಂಗ್ಲಿಷ್ ಶಿಷ್ಯ. ಪರಕೀಯ ಕೋಶಗಳನ್ನು ದೇಹ ಒಪ್ಪುವುದು ಹೇಗೆ ಅಂತ ಕಂಡುಹಿಡಿದವರು ಇವರು. 1960ರ ನೊಬೆಲ್ ಮೆಡಾವರ್ ಮತ್ತು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರಿಗೆ ಬಂತು, ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಹೆಸರು ಅದರಲ್ಲಿರಲಿಲ್ಲ. ಮೆಡಾವರ್ ತಮ್ಮ ಪಾಲಿನ ಹಣದಲ್ಲಿ ಇಬ್ಬರಿಗೂ ಹಂಚಿದರು.

ಮೂರು ಊಹೆಗಳು

ಅದೇ 1953ರಲ್ಲಿ ಇನ್ನೊಂದು ಪ್ರಬಂಧವೂ ಬಂತು. ಮೊಟ್ಟೆಯಿಡುವ ಬದಲು ಮರಿಹಾಕುವ ಪ್ರಾಣಿಗಳು ವಿಕಾಸವಾದಾಗ ಎದುರಾದ ತೊಡಕುಗಳು ಅದರ ವಿಷಯ. ಮಗುವಿನ ಅರ್ಧ ಗುಣ ಅಪ್ಪನದು. ಅಂದರೆ ತಾಯಿಯ ದೇಹದ ಲೆಕ್ಕದಲ್ಲಿ ಭ್ರೂಣ ಅರ್ಧ ಪರಕೀಯ. ಚರ್ಮದ ಚೂರನ್ನೇ ತಳ್ಳುವ ದೇಹ ಇಡೀ ಮಗುವನ್ನು ತಳ್ಳಲ್ಲ ಅಂದರೆ ಏನರ್ಥ? ಮೆಡಾವರ್ ಮೂರು ಸಾಧ್ಯತೆ ಇಟ್ಟರು. ತಾಯಿ ಮಗುವಿನ ನಡುವೆ ಗೋಡೆ ಇರಬಹುದು. ಮಗು ಇನ್ನೂ ಬಲಿಯದೆ, ಗುರುತು ಸಿಗದಂತಿರಬಹುದು. ಅಥವಾ ಬಸಿರಿನಲ್ಲಿ ತಾಯಿಯ ರೋಗನಿರೋಧಕ ವ್ಯವಸ್ಥೆ ಜಡವಾಗಬಹುದು.

ಎಂಜಿನಿಯರಿಂಗ್ ಓದಿದ ನನಗೆ ಈ ಪಟ್ಟಿ ತುಂಬ ಹಿಡಿಸುತ್ತೆ. ಫೈರ್‌ವಾಲ್ ಇದೆಯಾ, ಒಳಬಂದ ಫೈಲ್‌ಗೆ ಸಹಿ ಇಲ್ವಾ, ಆಂಟಿವೈರಸ್ಸೇ ಆಫ್ ಆಗಿದೆಯಾ ಅಂತ ನಾವೂ ಹೀಗೇ ಒಂದೊಂದಾಗಿ ಪರೀಕ್ಷೆ ಮಾಡ್ತೀವಿ. ಮೂರೂ ಸ್ಪಷ್ಟ, ಮೂರನ್ನೂ ಸುಳ್ಳು ಅಂತ ತೋರಿಸೋಕೆ ಸಾಧ್ಯ. ಒಳ್ಳೆಯ ಊಹೆಯ ಲಕ್ಷಣ ಇದೇ ಅಂತ ಮೆಡಾವರ್ ಜೀವನವಿಡೀ ಬರೆದರು.

ಮುಂದಿನ ದಶಕಗಳಲ್ಲಿ ಆದದ್ದೂ ಅದೇ.

ಮಗುವಿಗೆ ಗುರುತೇ ಇಲ್ಲ ಅನ್ನೋದು ಮೊದಲು ಬಿತ್ತು. ಅಪ್ಪನಿಂದ ಬಂದ ಗುರುತುಗಳು ಭ್ರೂಣದ ಕೋಶಗಳ ಮೇಲೆ ಬೇಗನೇ ಕಾಣಿಸಿಕೊಳ್ಳುತ್ತವೆ.

ತಾಯಿ ಜಡ ಅನ್ನೋದೂ ನಿಲ್ಲಲಿಲ್ಲ. 1958ರಲ್ಲಿ ನೆದರ್ಲೆಂಡ್ಸ್‌ನ ಯಾನ್ ವಾನ್ ರೋಡ್ ಮತ್ತು ಅಮೆರಿಕದ ರೋಸ್ ಪೇನ್ ಬೇರೆಬೇರೆಯಾಗಿ ಒಂದು ಸಂಗತಿ ಕಂಡರು. ಹಲವು ಮಕ್ಕಳನ್ನು ಹೆತ್ತ ಹೆಂಗಸರ ರಕ್ತದಲ್ಲಿ, ಮಕ್ಕಳಿಗೆ ಅಪ್ಪನಿಂದ ಬಂದ ಗುರುತುಗಳ ವಿರುದ್ಧ ಪ್ರತಿಕಾಯಗಳಿದ್ದವು. ಅಂದರೆ ತಾಯಿಯ ದೇಹ ಮಗುವನ್ನು ಕಂಡಿತ್ತು, ಗುರುತಿಸಿತ್ತು, ನೆನಪೂ ಇಟ್ಟುಕೊಂಡಿತ್ತು. ಹಾಗಿದ್ದೂ ಮಕ್ಕಳು ಆರೋಗ್ಯವಾಗಿ ಹುಟ್ಟಿದ್ದವು. ಇದರ ಮುಂದಿನ ಕಥೆ ಇನ್ನೂ ಸ್ವಾರಸ್ಯ. ಯಾರ ಅಂಗ ಯಾರಿಗೆ ಹೊಂದುತ್ತದೆ ಅಂತ ನೋಡುವ ಟಿಶ್ಯೂ ಟೈಪಿಂಗ್ ಪರೀಕ್ಷೆಗೆ ದಶಕಗಳ ಕಾಲ ಬಳಸಿದ್ದು ಹೀಗೆ ಹೆತ್ತ ತಾಯಂದಿರ ರಕ್ತದ ದ್ರವವನ್ನೇ. ಕಸಿ ವಿಜ್ಞಾನ ಬಸುರಿಯರ ಹಂಗಿನಲ್ಲಿದೆ. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ.

ಉಳಿದದ್ದು ಗೋಡೆ. ಅದರಲ್ಲಿ ಅರ್ಧ ಸತ್ಯವಿತ್ತು. ತಾಯಿಯ ರಕ್ತ, ಮಗುವಿನ ರಕ್ತ ಬೆರೆಯೋದಿಲ್ಲ. ಆದರೆ ಆರ್‌ಎಚ್ ನೆಗೆಟಿವ್ ತಾಯಿಗೆ ಆರ್‌ಎಚ್ ಪಾಸಿಟಿವ್ ಮಗುವಾದಾಗ, ಮುಖ್ಯವಾಗಿ ಹೆರಿಗೆ ಹೊತ್ತಲ್ಲಿ ದಾಟುವ ಒಂದಿಷ್ಟು ರಕ್ತಕಣಗಳೇ ಮುಂದಿನ ಮಗುವಿನ ಜೀವಕ್ಕೆ ಎರವಾಗುತ್ತಿದ್ದವು. 1960ರ ದಶಕದ ಕೊನೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಅದನ್ನು ತಡೆಯಿತು. 1996ರಲ್ಲಿ ಡಯಾನಾ ಬಿಯಾಂಕಿ ತಂಡ ತೋರಿಸಿದ್ದು ಇನ್ನೂ ಬೆರಗಿನದು. ಮಗ ಹುಟ್ಟಿ 27 ವರ್ಷವಾದ ತಾಯಿಯ ರಕ್ತದಲ್ಲೂ ಗಂಡು ಭ್ರೂಣದ ಕೋಶಗಳು ಉಳಿದಿದ್ದವು. ಕರುಳಬಳ್ಳಿ ಕತ್ತರಿಸಿದರೂ ಮಕ್ಕಳು ತಾಯಿಯೊಳಗೆ ಇರುತ್ತಾರೆ ಅನ್ನೋದು ಅಕ್ಷರಶಃ ನಿಜ.

ಕೊಲ್ಲದ ‘ಕಿಲ್ಲರ್’ಗಳು

ಈ ಹೊತ್ತಿಗೆ ಮೆಡಾವರ್ ಬದುಕು ಬೇರೆ ತಿರುವು ತೆಗೆದುಕೊಂಡಿತ್ತು. 1962ರಿಂದ ಲಂಡನ್ನಿನ ಮಿಲ್ ಹಿಲ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕ. ಬಸಿರಿನ ಪ್ರಶ್ನೆಗೆ ಅವರು ಮತ್ತೆ ಹೆಚ್ಚು ಕೈಹಾಕಲಿಲ್ಲ, ಬೇರೆಯವರು ಹಾಕಿದರು. ಅವರಿಗೆ ಸಿಕ್ಕಿದ್ದು ಮೆಡಾವರ್ ಪಟ್ಟಿಯಲ್ಲಿ ಇಲ್ಲದ ನಾಲ್ಕನೇ ಉತ್ತರ.

ಅದು ಇರೋದು ಮಾಸಿನಲ್ಲಿ. ಪ್ಲಾಸೆಂಟಾ ಅಂತ ಡಾಕ್ಟರು ಹೇಳುವ ಇದನ್ನು ಹಳ್ಳಿ ಕಡೆ ಕಸ ಅಂತಾರೆ. ಹೆರಿಗೆ ಆದಮೇಲೆ ಕಸ ಬಿತ್ತಾ ಅಂತ ಕೇಳಿ, ಬಿದ್ದಮೇಲೆ ಹೂತುಬಿಡುತ್ತಾರೆ. ಈ ‘ಕಸ’ ಬಹುಪಾಲು ಮಗುವಿನದೇ ಕೋಶಗಳಿಂದಾದ ಅಂಗ. ತಾಯಿಯ ದೇಹವನ್ನು ನೇರ ಮುಟ್ಟುವುದು ಇದರ ಹೊರಮೈಯ ಟ್ರೋಫೊಬ್ಲಾಸ್ಟ್ ಎಂಬ ಕೋಶಗಳು. ಇವುಗಳಲ್ಲಿ ಕೆಲವು ಗರ್ಭಕೋಶದ ಗೋಡೆಯೊಳಗೆ ನುಗ್ಗಿ, ಅಲ್ಲಿನ ಸುರುಳಿ ರಕ್ತನಾಳಗಳನ್ನು ಮುಟ್ಟಿ, ಅವನ್ನು ಅಗಲಮಾಡುತ್ತವೆ. ಕಿರಿದಾದ ಬಿಗಿ ಕೊಳವೆಗಳು ಸಡಿಲ ಕಾಲುವೆಗಳಾಗಿ, ಮಗುವಿನ ಕಡೆಗೆ ತಾಯಿಯ ರಕ್ತ ಸಲೀಸಾಗಿ ಹರಿಯುತ್ತದೆ.

ನುಗ್ಗುವ ಈ ಕೋಶಗಳ ಮೈಮೇಲಿನ ಗುರುತುಗಳು ವಿಶೇಷ. ಕಸಿಯಲ್ಲಿ ದೊಡ್ಡ ಜಗಳ ಎಬ್ಬಿಸುವ ಎಚ್‌ಎಲ್‌ಎ-ಎ ಮತ್ತು ಎಚ್‌ಎಲ್‌ಎ-ಬಿ ಇವುಗಳ ಮೇಲಿಲ್ಲ. ಆದರೆ ಸಿ, ಇ, ಜಿ ಎಂಬ ಗುರುತುಗಳಿವೆ. ಮುಖ ಮುಚ್ಚಿಕೊಂಡು ಬಂದಿಲ್ಲ, ಬೇರೆ ಚೀಟಿ ಹಿಡಿದು ಬಂದಿವೆ ಅನ್ನಬಹುದು.

ಆ ಚೀಟಿ ಓದೋಕೆ ಅಲ್ಲಿ ಯಾರಿದ್ದಾರೆ? ಬಸಿರಿನ ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ರೋಗನಿರೋಧಕ ಕೋಶಗಳಲ್ಲಿ ಸುಮಾರು 70 ಶೇಕಡಾ ಒಂದೇ ಜಾತಿಯವು. ಅವುಗಳ ಹೆಸರು ನ್ಯಾಚುರಲ್ ಕಿಲ್ಲರ್, ಎನ್‌ಕೆ. ರಕ್ತದಲ್ಲಿರುವ ಇದೇ ಕುಲದ ಕೋಶಗಳು ವೈರಸ್ ತಗುಲಿದ ಕೋಶಗಳನ್ನು ಕೊಲ್ಲುವುದರಿಂದ ಬಂದ ಹೆಸರು ಅದು. ಗರ್ಭಕೋಶದ ಎನ್‌ಕೆಗಳು ಟ್ರೋಫೊಬ್ಲಾಸ್ಟ್‌ಗಳನ್ನು ಕೊಲ್ಲುವುದಿಲ್ಲ. ಅವುಗಳ ಗುರುತು ಓದಿ, ರಾಸಾಯನಿಕ ಸಂಕೇತಗಳನ್ನು ಬಿಟ್ಟು, ರಕ್ತನಾಳ ಅಗಲವಾಗುವ ಕೆಲಸಕ್ಕೆ ಕೈಜೋಡಿಸುತ್ತವೆ. 1990ರ ದಶಕದಲ್ಲಿ ಆನ್ ಕ್ರಾಯ್ ತಂಡ ಎನ್‌ಕೆ ಕೋಶಗಳಿಲ್ಲದ ಇಲಿಗಳನ್ನು ನೋಡಿದಾಗ, ಬಸಿರಿನಲ್ಲಿ ಅವುಗಳ ರಕ್ತನಾಳಗಳು ಆಗಬೇಕಾದಂತೆ ಬದಲಾಗಿರಲಿಲ್ಲ.

ಕೇಂಬ್ರಿಜ್‌ನ ಆ್ಯಶ್ಲಿ ಮೊಫೆಟ್ ತಂಡ 2004ರಲ್ಲಿ ಮನುಷ್ಯರಲ್ಲಿ ಇನ್ನೊಂದು ಕೊಂಡಿ ತೋರಿಸಿತು. ಎನ್‌ಕೆ ಕೋಶಗಳ ಮೇಲೆ ಗುರುತು ಓದುವ ಗ್ರಾಹಕಗಳಿವೆ. ಅವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಮಗುವಿನ ಎಚ್‌ಎಲ್‌ಎ-ಸಿ ಗುರುತೂ ಬೇರೆಬೇರೆ. ತಾಯಿಯಲ್ಲಿ ಎನ್‌ಕೆ ಕೋಶಗಳನ್ನು ಸುಮ್ಮನಾಗಿಸುವ ಗ್ರಾಹಕಗಳೇ ಹೆಚ್ಚಿದ್ದು, ಮಗುವಿನಲ್ಲಿ ಅವನ್ನು ಬಲವಾಗಿ ಒತ್ತುವ ಗುರುತು ಇದ್ದರೆ, ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆಯ ಸಂಭವ ಹೆಚ್ಚು ಕಂಡಿತು. ಬಸಿರಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಮುಂದುವರಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗುವ ಕಾಯಿಲೆ ಅದು.

ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ತಾಯಿಯ ರೋಗನಿರೋಧಕ ಕೋಶಗಳು ಬಾಯಿಬಿಟ್ಟದ್ದರಿಂದ ಅಪಾಯ ಬಂದಿಲ್ಲ, ಅವುಗಳ ಬಾಯಿ ಅತಿಯಾಗಿ ಮುಚ್ಚಿಸಿದಾಗ ಬಂದಿದೆ. ಮೆಡಾವರ್ ಮೂರನೇ ಊಹೆಯಲ್ಲಿ ಬಸಿರಿನ ರಕ್ಷಣೆಗೆ ಇರಬಹುದೆಂದುಕೊಂಡಿದ್ದ ಜಡತ್ವ, ಈ ಜಾಗದಲ್ಲಿ ರೋಗದ ಕಡೆಗಿನ ದಾರಿ. ಅದೇ 2004ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು, ರೋಗನಿರೋಧಕ ದಾಳಿಯನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿ ಟಿ ಕೋಶಗಳಿಲ್ಲದಿದ್ದರೆ ಬಸಿರು ನಿಲ್ಲುವುದಿಲ್ಲ ಅಂತ ತೋರಿಸಿದವು. ಅಂದರೆ ಹತೋಟಿಯೂ ಬೇಕು, ಸ್ಪಂದನೆಯೂ ಬೇಕು. 2018ರಲ್ಲಿ ಸುಮಾರು 70,000 ಕೋಶಗಳನ್ನು ಒಂದೊಂದಾಗಿ ಓದಿ ತಾಯಿ ಮಗುವಿನ ಈ ಗಡಿಯ ನಕ್ಷೆ ಬರೆದಾಗ ಕಂಡದ್ದೂ ಇದೇ: ಎರಡೂ ಕಡೆಯಿಂದ ಎಡೆಬಿಡದ ಸಂಕೇತಗಳು. ಗೋಡೆ ಹುಡುಕಿದ ಕಡೆ ಸಂತೆ ಸಿಕ್ಕಿತು.

ಕೊನೆಯ 18 ವರ್ಷ

1969ರ ಸೆಪ್ಟೆಂಬರ್‌ನಲ್ಲಿ ಮೆಡಾವರ್ ಬ್ರಿಟಿಷ್ ವಿಜ್ಞಾನಿಗಳ ವಾರ್ಷಿಕ ಸಮ್ಮೇಳನದ ಅಧ್ಯಕ್ಷರಾಗಿ ಎಕ್ಸೆಟರ್ ನಗರದಲ್ಲಿದ್ದರು. ಅಲ್ಲಿನ ಕೆಥೆಡ್ರಲ್‌ನಲ್ಲಿ ಧರ್ಮಗ್ರಂಥದ ಪಾಠ ಓದುತ್ತಿರುವಾಗಲೇ ಪಾರ್ಶ್ವವಾಯು ಬಡಿಯಿತು. ಆಗ 54 ವರ್ಷ. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ದೃಷ್ಟಿಯ ಒಂದು ಭಾಗ ಹೋಯಿತು. ನಿರ್ದೇಶಕ ಹುದ್ದೆ ಬಿಡಬೇಕಾಯಿತು, ಪ್ರಯೋಗಾಲಯ ಬಿಡಲಿಲ್ಲ. ಪುಸ್ತಕಗಳೂ ಬರುತ್ತಲೇ ಹೋದವು. 1979ರಲ್ಲಿ ಯುವ ವಿಜ್ಞಾನಿಗಳಿಗೆ ಸಲಹೆಯ ಪುಸ್ತಕ, 1986ರಲ್ಲಿ ತಮ್ಮನ್ನು ಯೋಚಿಸುವ ಮೂಲಂಗಿ ಎಂದು ಕರೆದುಕೊಂಡ ಆತ್ಮಕಥೆ. ಅದಕ್ಕೂ ಮೊದಲೇ, ವೈಜ್ಞಾನಿಕ ಲೇಖನಗಳು ಸಂಶೋಧನೆ ನಿಜಕ್ಕೂ ನಡೆದ ದಾರಿಯನ್ನು ಮರೆಮಾಚುತ್ತವೆ ಅಂತ ರೇಡಿಯೋದಲ್ಲಿ ಹೇಳಿ ವಿಜ್ಞಾನಿಗಳನ್ನೇ ಕೆಣಕಿದ್ದರು. ಬುದ್ಧಿವಂತಿಕೆಯನ್ನು ಒಂದೇ ಅಂಕಿಯಲ್ಲಿ ಅಳೆದು ಜನಾಂಗಗಳನ್ನು ಮೇಲುಕೀಳು ಮಾಡುವವರ ಮೇಲೂ ಹರಿಹಾಯ್ದರು.

ಆ ವರ್ಷಗಳಲ್ಲಿ ಅವರ ಕೈಕಾಲಾಗಿದ್ದವರು ಜೀನ್. ಆದರೆ ಜೀನ್ ಅವರನ್ನು ಬರೀ ಆರೈಕೆ ಮಾಡಿದ ಹೆಂಡತಿ ಅಂದರೆ ಅನ್ಯಾಯ. ಗಂಡ ಬಸಿರಿನ ಒಗಟನ್ನು ಸಿದ್ಧಾಂತವಾಗಿ ಇಟ್ಟರೆ, ಯಾವಾಗ ಬಸಿರಾಗಬೇಕು, ಆಗಬೇಕೋ ಬೇಡವೋ ಅನ್ನೋದು ಹೆಣ್ಣಿನ ಕೈಯಲ್ಲಿರಬೇಕು ಅಂತ ಜೀನ್ ದುಡಿದರು. ಬ್ರಿಟನ್ನಿನ ಕುಟುಂಬ ಯೋಜನಾ ಸಂಘದ ಅಧ್ಯಕ್ಷರಾಗಿದ್ದರು. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದ ವಿಜ್ಞಾನಿಗಳ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಪುಸ್ತಕವನ್ನೂ ಬರೆದರು. 1987ರ ಅಕ್ಟೋಬರ್ 2ರಂದು, 72ನೇ ವಯಸ್ಸಿನಲ್ಲಿ ಮೆಡಾವರ್ ತೀರಿಕೊಂಡರು.

ರೂಪಕದ ಬೆಲೆ

ಮೆಡಾವರ್ ಬಗ್ಗೆ ನನಗೊಂದು ತಕರಾರಿದೆ. ಕಸಿಯ ಕಣ್ಣಿನಿಂದ ಬಸಿರನ್ನು ನೋಡಿದ್ದರಿಂದ ತಾಯಿ ಒಂದು ಜಾಗವಾದಳು, ಮಗು ಅಲ್ಲಿ ನೆಟ್ಟ ವಸ್ತುವಾಯಿತು. ತಳ್ಳುವುದು ಸಹಜ, ತಳ್ಳದಿರುವುದಕ್ಕೆ ಮಾತ್ರ ಕಾರಣ ಬೇಕು ಅನ್ನುವುದು ಅದರ ಒಳಗಿನ ನಂಬಿಕೆ. ಕಸಿ ಅನ್ನೋದು ಮನುಷ್ಯ ಮೊನ್ನೆ ಕಂಡುಹಿಡಿದ ಕೆಲಸ. ಬಸಿರು ಕೋಟ್ಯಂತರ ವರ್ಷಗಳ ಹಳೆಯದು. ಹಳೆಯದನ್ನು ಹೊಸದರ ಅಳತೆಗೋಲಿನಿಂದ ಅಳೆದ ಕಾರಣ, ತಾಯಿಯ ಕೋಶಗಳು ಅಲ್ಲಿ ಏನನ್ನು ಕಟ್ಟುತ್ತಿವೆ ಅಂತ ಕೇಳೋಕೆ ದಶಕಗಳು ಹಿಡಿದವು.

ಆ ಹಳೆಯ ಚಿತ್ರ ಇವತ್ತಿಗೂ ದುಡ್ಡು ಮಾಡಿಕೊಡುತ್ತಿದೆ. ಮತ್ತೆಮತ್ತೆ ಗರ್ಭ ನಿಲ್ಲದ ಹೆಣ್ಣುಮಕ್ಕಳಿಗೆ, ನಿಮ್ಮ ಎನ್‌ಕೆ ಕೋಶಗಳೇ ಮಗುವನ್ನು ಕೊಲ್ಲುತ್ತಿವೆ ಅನ್ನುವ ಅರ್ಥದ ಮಾತು ಹೇಳಿ, ತೋಳಿನ ರಕ್ತ ತೆಗೆದು ಪರೀಕ್ಷೆ ಮಾಡುವ ಕ್ಲಿನಿಕ್‌ಗಳು ಹಲವು ದೇಶಗಳಲ್ಲಿವೆ, ಭಾರತದಲ್ಲೂ ಇವೆ. ತೋಳಿನ ರಕ್ತದ ಎನ್‌ಕೆ ಬೇರೆ, ಗರ್ಭಕೋಶದ ಎನ್‌ಕೆ ಬೇರೆ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಅಂತ 1999ರಲ್ಲೇ ದೊಡ್ಡ ಪರೀಕ್ಷೆಯೊಂದು ತೋರಿಸಿತ್ತು. ಬ್ರಿಟನ್ನಿನ ಫಲವತ್ತತೆ ಚಿಕಿತ್ಸೆಯ ನಿಯಂತ್ರಣ ಸಂಸ್ಥೆ ಇಂಥ ಇಮ್ಯೂನ್ ಚಿಕಿತ್ಸೆಗಳಿಗೆ ತಕ್ಕ ಪುರಾವೆ ಇಲ್ಲ ಅಂತ ಬಹಿರಂಗವಾಗಿ ಹೇಳುತ್ತದೆ. ಗರ್ಭ ಇಳಿದರೆ ಸೊಸೆಯದೇ ತಪ್ಪು ಅನ್ನುವ ಮನೆಗಳಿರುವ ನಮ್ಮ ಸಮಾಜದಲ್ಲಿ, ಆಕೆಯ ರಕ್ತವೇ ಕೊಲೆಗಾರ ಅನ್ನುವ ರಿಪೋರ್ಟ್ ಏನು ಮಾಡಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಡೆ, ಬಿಪಿ ಏರಿ ಸಾಯುವ ಬಸುರಿಯರು. ಜಗತ್ತಿನಾದ್ಯಂತ ತಾಯಂದಿರ ಸಾವಿಗೆ ಅತಿಯಾದ ರಕ್ತಸ್ರಾವದ ಜೊತೆಗೆ ಇದೂ ದೊಡ್ಡ ಕಾರಣ. ಮಾಸಿನ ಗಡಿಯಲ್ಲಿ ಮೊದಲ ತಿಂಗಳುಗಳಲ್ಲೇ ಎಡವಿದ್ದು, ಏಳೆಂಟನೇ ತಿಂಗಳಲ್ಲಿ ಬಿಪಿಯಾಗಿ ಕಾಣುತ್ತದೆ. ಇದಕ್ಕೆ ಇಂದಿಗೂ ಪೂರ್ತಿ ಪರಿಹಾರ ಹೆರಿಗೆಯೊಂದೇ. ಆದರೆ ಬಿಪಿ ನೋಡೋದು, ಮೂತ್ರ ಪರೀಕ್ಷೆ, ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು, ಇವು ಯಾವುವೂ ದುಬಾರಿಯಲ್ಲ. ಮೆಗ್ನೀಷಿಯಂ ಸಲ್ಫೇಟ್ ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಅಂತ 2002ರಲ್ಲೇ ಗೊತ್ತಾಗಿದೆ. 2018–20ರ ಸರ್ಕಾರಿ ಅಂಕಿಅಂಶದಲ್ಲಿ, ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ಕರ್ನಾಟಕದಲ್ಲಿ 69, ಅಸ್ಸಾಂನಲ್ಲಿ 195. ಈ ಅಂತರಕ್ಕೆ ಎಚ್‌ಎಲ್‌ಎ ಗುರುತುಗಳನ್ನು ದೂರಿ ಪ್ರಯೋಜನವಿಲ್ಲ. ಅದು ಆಸ್ಪತ್ರೆ, ಸಿಬ್ಬಂದಿ, ರಸ್ತೆ, ಬಜೆಟ್ಟುಗಳ ಅಂತರ.

ಇನ್ನು ದೇಶವೇ ದೇಹ ಅನ್ನುವ ಮಾತು. ಜೀವಶಾಸ್ತ್ರದಿಂದ ಎತ್ತಿಕೊಂಡ ಒಂದು ಪದದ ಮೇಲೆ ದೊಡ್ಡ ತತ್ವದ ಗೋಪುರ ಕಟ್ಟುವುದು ಮೆಡಾವರ್ ಅವರಿಗೆ ಆಗುತ್ತಿರಲಿಲ್ಲ. ಅಂಥದೊಂದು ಜನಪ್ರಿಯ ಪುಸ್ತಕವನ್ನು 1961ರಲ್ಲಿ ಅವರು ವಿಮರ್ಶೆ ಬರೆದು ಚಿಂದಿಮಾಡಿದ್ದರು. ಹಾಗಾಗಿ ನಾನೂ, ತಾಯಿ ಮಗುವನ್ನು ಒಪ್ಪಿದಂತೆ ದೇಶ ವಲಸಿಗರನ್ನು ಒಪ್ಪಲಿ ಅಂತ ಬರೆಯಲ್ಲ. ವಲಸಿಗರ ಹಕ್ಕಿಗೆ ಸಂವಿಧಾನ ಸಾಕು, ಎನ್‌ಕೆ ಕೋಶಗಳ ಸಾಕ್ಷಿ ಬೇಕಿಲ್ಲ. ಆದರೆ ದೇಹವನ್ನು ಸಾಕ್ಷಿಯಾಗಿ ಕಟಕಟೆಗೆ ಎಳೆದು ತಂದವರು ಅವರು. ತಂದ ಮೇಲೆ ಸಾಕ್ಷಿ ಹೇಳೋದನ್ನು ಪೂರ್ತಿ ಕೇಳಬೇಕಲ್ವಾ? ಪರಕೀಯವನ್ನೆಲ್ಲ ಕೊಲ್ಲುವ ಶುದ್ಧ ದೇಹ ಅಂತ ಒಂದು ಇದ್ದಿದ್ದರೆ, ಆ ಭಾಷಣ ಮಾಡೋಕೆ ಅವರು ಹುಟ್ಟುತ್ತಲೇ ಇರಲಿಲ್ಲ.

ಮೆಡಾವರ್ ಅವರ ಮೂರು ಊಹೆಗಳಲ್ಲಿ ಎರಡು ಬಿದ್ದವು, ಒಂದು ಕುಂಟುತ್ತಿದೆ. ಬೀಳುವಂತೆ ಅವನ್ನು ಕಟ್ಟಿದ್ದರಿಂದಲೇ ಮುಂದಿನವರಿಗೆ ಎಲ್ಲಿ ಅಗೆಯಬೇಕು ಅನ್ನೋದು ತಿಳಿಯಿತು. ಮುಂದಿನ ಸಲ ಯಾವುದಾದರೂ ಕ್ಲಿನಿಕ್ಕಿನ ಬೋರ್ಡು ಅಥವಾ ವೇದಿಕೆಯ ಮೈಕು ದೇಹದ ಹೆಸರಲ್ಲಿ ಏನಾದರೂ ಹೇಳಿದರೆ, ಅದು ತಪ್ಪು ಅಂತ ತೋರಿಸೋಕೆ ಏನು ಪುರಾವೆ ಬೇಕು ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ, ವೋಟೂ ಕೊಡಬೇಡಿ.